ದಾಲ್ಚಿನ್ನಿ ಸಕ್ಕರೆಯ ಬ್ರೆಡ್ಡು

ನೌಬಾದದಲ್ಲಿ ನಮ್ಮ ಪಕ್ಕದ ಮನೆಯಾಕೆ ಎಂದೂ ಬಾಗಿಲು ತಟ್ಟಿದವಳಲ್ಲ. "ಹಂಗಲ್ರೀ ಅಕ್ಕಾ" ಎನ್ನುತ್ತ ನೇರ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದಳು.

ಜ್ವರದಿಂದ ಎದ್ದ ನನ್ನ ಮಗಳು ಏನನ್ನೂ ಮುಟ್ಟದೆ, ಕೊನೆಗೊಮ್ಮೆ ಮೊಬೈಲಿನಲ್ಲಿ ನೋಡಿದ ಫ್ರೆಂಚ್ ಟೋಸ್ಟ್ ಕೇಳಿದ್ದಳು. ಬ್ರೆಡ್ಡನ್ನು ಬೆರಳುದ್ದ ಕತ್ತರಿಸಿ, ಹಾಲು-ಮೊಟ್ಟೆಯಲ್ಲಿ ಅದ್ದಿ, ಬೆಣ್ಣೆಯಲ್ಲಿ ಹುರಿದೆ. ಸಕ್ಕರೆಗೆ ದಾಲ್ಚಿನ್ನಿ ಪುಡಿ ಬೆರೆಸಿದ್ದೇ ತಡ, ಎಂದಿನಂತೆ ಒಳಬಂದ ಪಕ್ಕದ ಮನೆಯಾಕೆ ನನ್ನ ಕೈ ಹಿಡಿದಳು.

"ಹಂಗಲ್ರೀ ಅಕ್ಕಾ, ದಾಲ್ಚಿನ್ನಿ ಬಿರ್ಯಾನಿಗಿ ಹಾಕ್ತಾರ್ರಿ! ಇದಕ್ಕ ಖಾರಪುಡಿ ಹಾಕ್ರಿ."

"ನೀವು ಸುಮ್ಮ ಕೂಡ್ರಿ!" ಎಂದು ರೇಗಿದೆ.

ನಾನೆಷ್ಟು ಬೇಡಿದರೂ ಮಗಳು ತಟ್ಟೆಯಿಂದ ಮುಖ ತಿರುಗಿಸಿದಳು. ಪಕ್ಕದ ಮನೆಯಾಕೆ ತಟ್ಟೆ ಕಸಿದುಕೊಂಡು, ಒಂದು ತುಂಡನ್ನು ಊದಿ ಊದಿ ಆರಿಸಿದಳು.

"ತಿನ್ನವ್ವಾ. ನಿಮ್ಮವ್ವಗ ಮಾಡ್ಲಾಕ ಬರಂಗಿಲ್ಲ, ಆದ್ರ ಭಾಳ ತ್ರಾಸ ತಗೊಂಡಾಳ."

ಮಗಳು ನಕ್ಕು ಬಾಯಿ ತೆರೆದಳು. ನನ್ನ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.