ಜಾಲರಿಯ ಹಿಂದಿನ ಬಿಳಿ ಬಟ್ಟೆ

ನಮ್ಮ ಸೋದರತ್ತೆಯನ್ನು ಮನೆಯವರೆಲ್ಲ ಕಿವಿಯತ್ತೆ ಎನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ಸೂಜಿ ಬಿದ್ದರೆ ಅದಕ್ಕೆ ತುಕ್ಕು ಹಿಡಿದಿದೆಯೋ ಇಲ್ಲವೋ ಹೇಳಿಬಿಡುತ್ತಾಳೆ ಎಂದು ಅಪ್ಪನ ತಮಾಷೆ. ಹಳೆಯ ಸ್ಟುಡಿಯೋ ಮೈಕುಗಳಿಗೆ ಮತ್ತೆ ಜೀವ ತುಂಬುವುದು ಅವಳ ಕೆಲಸ. ಮಹಡಿಯ ಆ ಕೋಣೆಯಲ್ಲಿ, ಬಿಚ್ಚಿಟ್ಟ ಜಾಲರಿಗಳನ್ನು ಹಾದು ಬಿಸಿಲು ನೆಲದ ಮೇಲೆ ಸಾಸಿವೆಯಂತೆ ಚೆಲ್ಲಿರುತ್ತದೆ. ಸುಮ್ಮನೆ ಕೂತರೆ, ಎಂದೋ ಯಾರೋ ಆಡಿದ ಮಾತು ಇನ್ನೂ ಅಲ್ಲೇ ತೇಲುತ್ತಿದೆ ಅನ್ನಿಸುತ್ತದೆ.

ಮೈಕಿನೊಳಗೆ ಮೊದಲು ಏನಿತ್ತೋ ಅದೇ ಇರಬೇಕು ಎಂಬುದು ಅತ್ತೆಯ ಹಟ. ಅದನ್ನು ಗುರುತಿಸಲು ಮೂಸುತ್ತಾಳೆ, ಉಗುರಿನಿಂದ ಗೀರುತ್ತಾಳೆ, ಒಂದು ಎಳೆ ಕಿತ್ತು ಸುಡುತ್ತಾಳೆ. ತೆಗೆದದ್ದನ್ನು ಮಾತ್ರ ಎಸೆಯುವುದಿಲ್ಲ. ಲಕೋಟೆಗೆ ಹಾಕಿ, ಮೇಲೆ ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಾಳೆ.

ಒಂದು ಶುಕ್ರವಾರ, ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದವರೊಬ್ಬರು ಬಂದರು. ಮೂವತ್ತು ವರ್ಷ ತಾವು ಬಳಸಿದ ಮೈಕನ್ನು ಮಗುವಿನಂತೆ ಎತ್ತಿಕೊಂಡಿದ್ದರು.

"ಸೋಮವಾರ ಗಂಟಲಿನ ಆಪರೇಷನ್ ಕಣಮ್ಮ. ಆಮೇಲೆ ದನಿ ಇರಲ್ವಂತೆ. ಮೊಮ್ಮಗಳಿಗೆ ಒಂದು ಕಥೆ ಹೇಳಿಡ್ಬೇಕು, ಇದರಲ್ಲೇ."

"ಭಾನುವಾರ ಬನ್ನಿ," ಎಂದಳು ಅತ್ತೆ.

ಒಳಗೆ ದನಿಗೆ ನಡುಗುವ ಲೋಹದ ಪಟ್ಟಿ ಹರಿದಿತ್ತು, ಹೊಸದನ್ನು ಕೂರಿಸಿದಳು. ಜಾಲರಿಯ ಹಿಂದೆ ಎರಡು ಪದರ ಬಟ್ಟೆಯಿತ್ತು. ಕಪ್ಪು ಎಳೆ ಸುಟ್ಟಾಗ ಕೂದಲು ಸುಟ್ಟ ವಾಸನೆ: ರೇಷ್ಮೆ. ಬಿಳಿಯದು ಕಾಗದದಂತೆ ಉರಿಯಿತು: ಹತ್ತಿ.

"ಕಾರ್ಖಾನೆಯವರು ಹತ್ತಿ ಹಾಕಲ್ಲ. ಯಾವನೋ ಅತಿಬುದ್ಧಿವಂತ ಕೈಯಾಡಿಸಿದ್ದಾನೆ," ಎನ್ನುತ್ತ ಬಿಳಿ ಬಟ್ಟೆಯನ್ನು ತೆಗೆದಳು. ಲಕೋಟೆಯ ಮೇಲೆ 'ಮೂಲದ್ದಲ್ಲ' ಎಂದು ಬರೆದಳು.

ಭಾನುವಾರ ಅವರು ಮೈಕಿನ ಮುಂದೆ ಕೂತು "ಪುಟ್ಟೀ" ಎಂದರು. ಸ್ಪೀಕರಿನಲ್ಲಿ ಆ 'ಪ' ಕಾಗದದ ಚೀಲ ಒಡೆದಂತೆ ಸಿಡಿಯಿತು. ಮತ್ತೆ ಹೇಳಿದರು, ಮತ್ತೆ ಸಿಡಿಯಿತು. ಅವರ ಮುಖ ಸಪ್ಪಗಾಯಿತು.

"ಇದು ನನ್ನ ದನಿ ಅಲ್ಲಮ್ಮ."

"ಹೊಸದರಲ್ಲಿ ಹೇಗಿತ್ತೋ ಹಾಗೇ ಮಾಡಿದ್ದೀನಲ್ಲ," ಎನ್ನುತ್ತಿದ್ದಂತೆ ಅತ್ತೆಗೆ ತೆಗೆದಿಟ್ಟ ಬಿಳಿ ಬಟ್ಟೆ ನೆನಪಾಯಿತು. ಎದ್ದು ಡಬ್ಬಿ ತೆಗೆದು, ಲಕೋಟೆಯ ಬಟ್ಟೆಯನ್ನು ಅವರ ಅಂಗೈಯಲ್ಲಿಟ್ಟಳು. ಹಳೆಯ ಕರವಸ್ತ್ರದ ತುಂಡು. ಅಂಚಿನಲ್ಲಿ ಇರುವೆ ಸಾಲಿನಂಥ ಹೊಲಿಗೆ.

ಅವರು ಅದನ್ನು ಬೆಳಕಿಗೆ ಹಿಡಿದು, ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇದು ನನ್ನವಳ ಹೊಲಿಗೆ. ಸ್ಟುಡಿಯೋ ಗಾಜಿನ ಆಚೆ ಕೂತು ಯಂತ್ರ ನೋಡ್ಕೊಳ್ತಿದ್ದವಳು ಅವಳೇ. 'ನೀವು ಪ ಅಂದ್ರೆ ಊರಿನ ಮಕ್ಕಳೆಲ್ಲ ಬೆಚ್ಚಿ ಎದ್ದು ಕೂರ್ತಾವೆ' ಅಂತ ದಿನಾ ಆಡ್ಕೊಳ್ಳೋಳು. ಆಮೇಲೊಂದಿನ ಆಡ್ಕೊಳ್ಳೋದು ಬಿಟ್ಟಳು." ಅವರು ಮೆಲ್ಲಗೆ ನಕ್ಕರು. "ನಾನೇ ಸುಧಾರಿಸಿದೆ ಅಂದ್ಕೊಂಡಿದ್ದೆ ಕಣಮ್ಮ. ಅವಳು ಹೋಗೋವರೆಗೂ ಹೇಳ್ಲಿಲ್ಲ ನೋಡು, ಕಳ್ಳಿ."

ಅತ್ತೆ ನಾಲಿಗೆ ಕಚ್ಚಿಕೊಂಡಳು. ನಾಲ್ಕು ತಿರುಪು ಬಿಚ್ಚಿ, ಬಟ್ಟೆಯನ್ನು ಮೊದಲಿದ್ದ ಮಡಿಕೆಯಲ್ಲೇ ಕೂರಿಸಿದಳು. ಕಿಟಕಿ ಮುಚ್ಚಿದಳು. ಕೋಣೆ ನೀರಿನೊಳಗೆ ಇಳಿದಂತೆ ನಿಶ್ಶಬ್ದವಾಯಿತು.

"ಪುಟ್ಟೀ," ಎಂದರು ಅವರು. ಈ ಸಲ ಆ 'ಪ' ಗರಿಯಂತೆ ಇಳಿಯಿತು.

ಕಥೆ ಶುರುಮಾಡಲು ಅತ್ತೆ ಕೈಸನ್ನೆ ಮಾಡಿದಳು. ಅವರು ಮಾತ್ರ ಜಾಲರಿಗೆ ಇನ್ನಷ್ಟು ಹತ್ತಿರ ಬಾಗಿ, ಹೆಂಡತಿಯನ್ನು ಕರೆಯುತ್ತಿದ್ದ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿದರು. ಆಮೇಲೆ ಕಥೆಗೆ ಬಂದರು.