ಹಾಲಿನ ಜತೆ ಬರುವ ಅಧ್ಯಾಯ

ಬೆಳಗಿನ ಆರೂಕಾಲು. ದುದ್ದದ ಒಳರಸ್ತೆಯ ಹಳ್ಳಿಯೊಂದರ ಡೈರಿ ಮುಂದೆ ಹಾಲಿನ ಕ್ಯಾನುಗಳ ಸಾಲು. ಹಾಸನದಿಂದ ಮೊದಲ ಬಸ್ಸಿಗೆ ಬಂದಿಳಿದ ಸ್ನೇಹಲತಾ ಹಾಲು ಹಾಕುವವರಲ್ಲ. ಆದರೂ ಆ ಸಾಲನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತಿದ್ದಾರೆ. ಕಾಯುತ್ತಿರುವುದು ಏಳನೇ ಅಧ್ಯಾಯಕ್ಕೆ.

ಊರಿನ ಪ್ರೌಢಶಾಲೆಯಲ್ಲಿ ಅವರು ಕನ್ನಡದ ಅತಿಥಿ ಶಿಕ್ಷಕಿ. ಒಂಬತ್ತನೇ ತರಗತಿಗೆ ಕಲಿಸುತ್ತಿರುವುದು ಹರೆಯದವರಿಗೆಂದೇ ಬರೆದ ಕಾದಂಬರಿ. ಮಳೆ ಲೆಕ್ಕ ತಪ್ಪಿ ಕೆರೆ ಬತ್ತಿದ ಊರಲ್ಲಿ, ಮಾತು ಬಿಟ್ಟ ಮನೆಗಳನ್ನು ಹುಡುಗಿಯೊಬ್ಬಳು ಮತ್ತೆ ಹತ್ತಿರ ತರುವ ಕಥೆ. ಮಕ್ಕಳು ಹನ್ನೊಂದು, ಪುಸ್ತಕ ಒಂದೇ. ಹೊಲಿಗೆ ಬಿಚ್ಚಿ ಅಧ್ಯಾಯಗಳನ್ನು ಬೇರೆ ಬೇರೆ ಮಾಡಿದ್ದಾರೆ. ಸಂಜೆ ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಬೇಕು. ಬೆಳಿಗ್ಗೆ ಹಾಲು ತರುವ ಹಿರಿಯರು ಅದನ್ನು ಮುಂದಿನ ಮನೆಯವರ ಕೈಗೇ ಕೊಡಬೇಕು. ಇದು ಮೇಡಂ ಹಾಕಿದ ಕಟ್ಟಳೆ.

ಆರು ಅಧ್ಯಾಯ ಸಲೀಸಾಗಿ ಸಾಗಿದವು. ಅಷ್ಟರಲ್ಲಿ ಮಕ್ಕಳ ಮನೆಗಳಲ್ಲೊಂದರ ಗುಂಡಯ್ಯ ಹೊಸ ಬೋರ್ ಕೊರೆಸಿದರು, ಪಕ್ಕದ ಚಿಕ್ಕಯ್ಯನವರ ಬೋರ್ ಬತ್ತಿತು, ಎರಡೂ ಮನೆಗಳ ನಡುವೆ ಮಾತು ನಿಂತಿತು. ಗುಂಡಯ್ಯನ ಮನೆ ಸೇರಿದ ಏಳನೇ ಅಧ್ಯಾಯ ಚಿಕ್ಕಯ್ಯನ ಮನೆಗೆ ಹೋಗಿಲ್ಲ. ಅದರಾಚೆಯ ಮನೆಗಳೂ ಕಾಯುತ್ತಿವೆ. ಇಂದಿಗೆ ಒಂಬತ್ತು ದಿನ.

ಜೆರಾಕ್ಸ್ ಮಾಡಿಸಿ ಹಂಚಿ, ಊರ ಉಸಾಬರಿ ನಿಮಗ್ಯಾಕೆ ಎಂದು ಸಹೋದ್ಯೋಗಿಗಳು ಹೇಳಿದ್ದಾಗಿದೆ. ಮಾರ್ಚ್ ಕಳೆದರೆ ಅತಿಥಿ ಶಿಕ್ಷಕಿಯ ಅವಧಿಯೂ ಮುಗಿಯುತ್ತದೆ. ಈಕೆಯದೋ ಹಿಡಿದದ್ದೇ ಹಟ.

"ಜೆರಾಕ್ಸ್ ಮಾಡಿಸಿದ್ರೆ ಕಥೆ ಮುಗಿಯುತ್ತೆ ಸರ್, ಪಾಠ ಆಗಲ್ಲ," ಎನ್ನುತ್ತಾರೆ.

ಇಂದು ಸಾಲಿನಲ್ಲಿ ಗುಂಡಯ್ಯನ ಹಿಂದೆ ಚಿಕ್ಕಯ್ಯನ ಬದಲು ಅವರ ತಾಯಿ ನಂಜಮ್ಮ ನಿಂತಿದ್ದಾರೆ. ಅಕ್ಷರ ಬಾರದ ಅಜ್ಜಿ. ಮೊಮ್ಮಗಳು ಮೇಘಶ್ರೀ ಓದಿದ ಆರೂ ಅಧ್ಯಾಯಗಳನ್ನು ಬಿಡದೆ ಕೇಳಿದವರು.

"ಲೋ ಗುಂಡ, ಆ ಉಡುಗಿ ಕೆರೆ ಏರಿ ಮ್ಯಾಲೆ ಒಬ್ಳೇ ನಿಂತವ್ಳೆ. ಒಂಬತ್ ದಿನ ಆಯ್ತು ಕಣ್ಲಾ. ಮುಂದೇನಾಯ್ತು ಅಂತ ನಂಗೂ ಗೊತ್ತಾಗ್ಬೇಡ್ವಾ?"

ಗುಂಡಯ್ಯ ತಲೆ ಎತ್ತುವುದಿಲ್ಲ. ಕೈಚೀಲದಿಂದ ಹಾಳೆಗಳನ್ನು ತೆಗೆದು ಅಜ್ಜಿಯ ಕೈಗಿಡುತ್ತಾರೆ. ಅಂಚಿಗೆಲ್ಲ ಹಾಲಿನ ಕಲೆ.

"ದಿನಾ ತತ್ತಿದ್ದೆ ಕಣವ್ವ. ಯಾರೂ ಕೇಳ್ಲಿಲ್ಲ."

ಸ್ನೇಹಲತಾ ಅತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅವರಿಗೆ ಅಳು ಬಂದಿದೆ, ಮುಚ್ಚಿಡುವುದೂ ಗೊತ್ತಿಲ್ಲ. ಮುಂದಿನ ವರ್ಷಕ್ಕೆ ಯಾರಾದರೂ ಹನ್ನೊಂದು ಪುಸ್ತಕ ಕೊಡಿಸಿದರೆ ಹೇಗೆ ಎಂದು ವರದಿಗೆ ಬಂದ ನಾನು ಕೇಳಿದರೆ, ಬೇಡವೆಂದು ತಲೆಯಾಡಿಸುತ್ತಾರೆ.

"ಇದೇ ಸ್ಕೂಲು ಇನ್ನೊಂದು ವರ್ಷ ಸಿಕ್ಕಿದ್ರೆ ಸಾಕು ನಂಗೆ. ಪುಸ್ತಕ ಒಂದೇ ಇರ್ಲಿ ಸರ್. ಎಲ್ಲರ ಮನೇಲೂ ಇದ್ರೆ, ಯಾರು ಯಾರನ್ನ ಕೇಳ್ತಾರೆ?"