ಚಾವಡಿಯ ಮೇಲೆ ಹತ್ತಬಾರದು

ನಮ್ಮ ಬಚ್ಚಲಿನ ನೀರಿನ ಡ್ರಮ್ಮಿಗೆ ಒಂದು ತಗಡಿನ ಮುಚ್ಚಳವಿದೆ. ಮುಚ್ಚಳ ಅಂತ ಮಾಡಿಸಿದ್ದಲ್ಲ, ಅದೊಂದು ಬೋರ್ಡು. ಬಣ್ಣವನ್ನೆಲ್ಲ ತುಕ್ಕು ತಿಂದು, ಕೆಂಪು ಅಕ್ಷರ ಅಲ್ಲೊಂದು ಇಲ್ಲೊಂದು ಉಳಿದಿವೆ. ದಿನಾ ಬೆಳಿಗ್ಗೆ ಮುಖ ತೊಳೆಯುವಾಗ ಅವನ್ನು ಓದುತ್ತೇನೆ. ಕಣ್ಣೆದುರಿಗೆ ಅಕ್ಷರ ಇದ್ದರೆ ಓದದೆ ಬಿಡಲು ನನ್ನಿಂದ ಆಗುವುದಿಲ್ಲ. ಐವತ್ತರ ಹತ್ತಿರ ಬಂದು ಕಲಿತವರಿಗೆ ಈ ರೋಗ ಅಂಟುತ್ತದೆ. ಬಸ್ಸಿನ ಹಿಂದೆ ಬರೆದದ್ದು, ಗೊಬ್ಬರದ ಚೀಲದ ಮೇಲಿದ್ದದ್ದು, ಕಡಲೆಕಾಯಿ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ವೈಕುಂಠ ಸಮಾರಾಧನೆಯ ಸುದ್ದಿ, ಯಾವುದನ್ನೂ ಬಿಟ್ಟವಳಲ್ಲ.

ಮೊನ್ನೆ ಸೊಸೆ ಆ ತಗಡನ್ನು ಗುಜರಿಯವನಿಗೆ ಹಾಕಲು ಎತ್ತಿಕೊಂಡಳು.

"ಬುಡೇ ಅದನ್ನ" ಎಂದೆ.

"ತುಕ್ಕೆಲ್ಲ ನೀರಿಗ್ ಬೀಳ್ತದೆ ಕಣತ್ತೆ. ಪ್ಲಾಸ್ಟಿಕ್ ಮುಚ್ಚಳ ತಂದಿಲ್ವಾ?"

ಅವಳು ಹೇಳಿದ್ದು ಸರಿ. ಆದರೂ ಕಿತ್ತುಕೊಂಡು ಇಟ್ಟುಕೊಂಡೆ. ಯಾಕೆಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮೂರು ತುಮಕೂರಿಗೆ ಸೇರಿದ್ದು, ಬೆಳ್ಳಾವಿಯ ಕಡೆ. ಹಳೆಯ ಊರು. ಯಾವನೋ ಪಾಳೇಗಾರ ಕಟ್ಟಿಸಿದ್ದಂತೆ, ಸುತ್ತ ಮಣ್ಣಿನ ಕೋಟೆ ಇತ್ತಂತೆ. ನಾನು ಬರುವ ಹೊತ್ತಿಗೆ ಅರ್ಧ ಕೋಟೆ ಹೊಲಗಳಿಗೆ ಗೊಬ್ಬರವಾಗಿ ಹೋಗಿತ್ತು. ನಮ್ಮ ಮಾವನೂ ಎರಡು ಗಾಡಿ ಹೊಡೆದಿದ್ದಾರೆ, ಸುಳ್ಳು ಯಾಕೆ ಹೇಳಲಿ. ಆ ವರ್ಷ ರಾಗಿ ಚೆನ್ನಾಗಿ ಬಂತು. ಉಳಿದದ್ದು ಕಲ್ಲಿನ ಊರಬಾಗಿಲು, ಅದಕ್ಕೆ ಅಂಟಿಕೊಂಡ ಚಾವಡಿ. ಮಣ್ಣಿನ ಗೋಡೆ, ಹನ್ನೆರಡು ಮರದ ಕಂಬ, ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಎಲ್ಲದರ ಮೇಲೆ ಒಂದು ಮೊಳ ಮಣ್ಣು. ಇದಕ್ಕೆ ನಮ್ಮಲ್ಲಿ ಮಾಳಿಗೆ ಎನ್ನುತ್ತಾರೆ. ಆಗ ಊರಿನ ಮನೆಗಳೂ ಹೆಚ್ಚಿನವು ಹೀಗೇ ಇದ್ದವು.

ನಾನು ಹುಟ್ಟಿದ್ದು ಕುಣಿಗಲ್ಲಿನ ಆಚೆ, ಕೊತ್ತಗೆರೆಯ ಹತ್ತಿರ, ಹೆಂಚಿನ ಮನೆಯಲ್ಲಿ. ಮದುವೆಯಾಗಿ ಬಂದವಳು ಮಣ್ಣಿನ ಸೂರಿನ ಕೆಳಗೆ ಮಲಗಲು ಹೆದರಿ ಮೂರು ದಿನ ಜಗಲಿಯ ಮೇಲೆ ಕೂತಿದ್ದೆ. ಅತ್ತೆ ಬೈಯಲಿಲ್ಲ. "ಇನ್ನೊಂದ್ ತಿಂಗಳು ತಡಿ, ನೀನೇ ಅದರ ಮೇಲ್ ಹತ್ತಿ ಕುಣೀತೀಯ" ಎಂದರು. ತಲೆ ಕೆಟ್ಟಿರುವ ಹೆಂಗಸು ಎಂದುಕೊಂಡೆ.

ಅವರು ಹೇಳಿದ್ದು ಮಾಳಿಗೆ ತುಳಿಯುವ ವಿಚಾರ. ಮುಂಗಾರು ಹಿಡಿಯುವ ಮುಂಚೆ, ಕೆರೆಯ ಹಿಂದೆ ನೆಲದ ಮೇಲೆ ಬೆಳ್ಳಗೆ ಉಪ್ಪು ಹೂಬಿಟ್ಟಂತೆ ಕಾಣುವ ಮಣ್ಣನ್ನು ಕೆರೆದು ತರುತ್ತಿದ್ದೆವು. ಅದು ಚೌಳು ಮಣ್ಣು. ಬೆಳೆಗೆ ಬರದ ಮಣ್ಣು, ಆದರೆ ನೀರು ಬಿದ್ದರೆ ಅಂಟಿನಂತೆ ಮುಚ್ಚಿಕೊಳ್ಳುತ್ತದೆ. ಅವರವರ ಮನೆಯ ಮೇಲೆ ಅವರವರು ಹಾಕಿಕೊಂಡಾದ ಮೇಲೆ, ಒಂದು ಬೆಳಿಗ್ಗೆ ಮನೆಗೊಬ್ಬರಂತೆ ಒಂದು ಮಂಕರಿ ಮಣ್ಣು ಹೊತ್ತು ಚಾವಡಿ ಹತ್ತಬೇಕು. ಹುಲ್ಲು ಕಿತ್ತು, ಬಿರುಕಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಬರಿಗಾಲಲ್ಲಿ ತುಳಿಯಬೇಕು. ನಮಗೆ ಹೆಂಗಸರಿಗೆ ಅದು ಒಳ್ಳೆ ದಿನ. ಊರಿನ ಎಲ್ಲ ಹಿತ್ತಲೂ ಮೇಲಿಂದ ಕಾಣುತ್ತಿದ್ದವು. ಯಾರ ಮನೆಯಲ್ಲಿ ಏನು ಒಣಗಿದೆ, ಯಾರ ಸೌದೆ ಯಾರ ಹಿತ್ತಲಿಗೆ ಹೋಗಿದೆ, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಮಾತು ಜೋರಾದಷ್ಟೂ ತುಳಿತ ಗಟ್ಟಿ.

ತುಳಿಸುವ ಯಜಮಾನ ಚಿಕ್ಕಣ್ಣ, ನನ್ನ ಗಂಡನ ಚಿಕ್ಕಪ್ಪನ ಮಗ, ನನಗೆ ಮೈದುನನಾಗಬೇಕು. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಕಾಲಿಟ್ಟರೆ ಸಾಕು, ಎಲ್ಲಿ ಮಣ್ಣು ಪೊಳ್ಳಾಗಿದೆ ಎಂದು ಹೇಳಿಬಿಡುತ್ತಿದ್ದ.

ಆಮೇಲೆ ನಾನು ಅಕ್ಷರ ಕಲಿತೆ. ತೊಂಬತ್ತರ ದಶಕದ ಮೊದಲಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವುದು ಎಲ್ಲ ಕಡೆ ನಡೆಯಿತಲ್ಲ, ನಮ್ಮೂರಲ್ಲಿ ಅದು ಚಾವಡಿಯಲ್ಲೇ ನಡೆಯಿತು. ಹೆಂಗಸರು ಹದಿನೈದು ಜನ, ಗಂಡಸರು ನಾಲ್ಕು. "ನಾನ್ ಓದಿ ಯಾವ್ ಅಮಲ್ದಾರ ಆಗಬೇಕು?" ಎಂದು ಚಿಕ್ಕಣ್ಣ ಬರಲೇ ಇಲ್ಲ. ಒಂದು ಸಲ ನಾವು ಸ್ಲೇಟು ಹಿಡಿದು ಕೂತಿದ್ದಾಗ, ಬೆಳಿಗ್ಗೆ ತುಳಿದದ್ದು ಸಾಲದೆಂದು ಅವನು ಮತ್ತೆ ಹತ್ತಿ ತುಳಿದ. ಜಂತೆಯ ಸಂದಿಯಿಂದ ಮಣ್ಣಿನ ಪುಡಿ ಸುರಿದು, ಕಷ್ಟಪಟ್ಟು ಬರೆದ ನನ್ನ ಹೆಸರು ಮುಚ್ಚಿಹೋಯಿತು. "ಇಳಿಯೋ ಮುಂಡೇದೇ!" ಎಂದು ಕೂಗಿದೆ. ಮೇಲಿಂದ ನಗು ಕೇಳಿಸಿತು.

ಕೆಲವು ವರ್ಷ ಕಳೆದ ಮೇಲೆ ಪಂಚಾಯ್ತಿಯವರು ಚಾವಡಿ ಕೆಡವಿ ಸಮುದಾಯ ಭವನ ಕಟ್ಟುತ್ತೇವೆ ಎಂದರು. ತೊಲೆಗಳಿಗೆ ಹುಳು ಬಿದ್ದಿತ್ತು, ನಿಜ. ಅದೇ ಹೊತ್ತಿಗೆ ತುಮಕೂರಿನ ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುವ ಮೇಡಂ ಒಬ್ಬರು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಬಂದರು. ಇಂಥ ಊರು ಸುತ್ತಮುತ್ತ ಎಲ್ಲೂ ಉಳಿದಿಲ್ಲ, ಇದನ್ನು ಉಳಿಸಬೇಕು ಎಂದರು. ವರ್ಷಕ್ಕೊಂದು ದಿನ ಊರಹಬ್ಬ ಅಂತ ಶುರುಮಾಡಿದರು. ಬೀದಿಗೆಲ್ಲ ರಂಗೋಲಿ, ಚಾವಡಿಯಲ್ಲಿ ಸೋಬಾನೆ ಪದ, ಅಟ್ಟದಲ್ಲಿದ್ದ ಕೂರಿಗೆ, ಕೊಳಗ, ಸೇರು ಎಲ್ಲ ಹೊರಗೆ. ಪೇಟೆಯವರು ಬಂದು ನಮ್ಮ ಗೋಡೆಗಳ ಫೋಟೋ ಹಿಡಿದರು. ನೆಂಟರು ಬಂದರೆ ನಾವು ನಾಚಿಕೊಳ್ಳುತ್ತಿದ್ದ ಗೋಡೆಗಳು ಅವು. ನನ್ನ ಕೆಲಸ ಮುದ್ದೆ ತಿರುವುವುದು. ಇನ್ನೂರು ಮುದ್ದೆ ತಿರುವಿದ ಮೇಲೆ ಯಾವ ಚರಿತ್ರೆಯೂ ಬೇಡ ಅನ್ನಿಸುತ್ತದೆ. ಆದರೆ ಪಂಚಾಯ್ತಿ ಬಾಯಿ ಮುಚ್ಚಿತು.

ಗುಬ್ಬಿಯಿಂದ ಅನ್ವರ್ ಸಾಬ್ ಎಂಬ ಮೇಸ್ತ್ರಿಯನ್ನು ಮೇಡಂ ಕರೆತಂದರು. ಹಳೆ ಮನೆಗಳ ಮರಗೆಲಸ ಬಲ್ಲವರು. ಹುಳು ತಿಂದ ತೊಲೆ ತೆಗೆದು, ಬಿದ್ದ ಮನೆಗಳಿಂದ ಗಟ್ಟಿ ತೊಲೆ ಹುಡುಕಿ ತಂದು ಕೂರಿಸಿದರು. ಎರಡು ತಿಂಗಳು ನಮ್ಮ ಜಗಲಿಯಲ್ಲೇ ಊಟ ಮಾಡಿದರು. ಹೋಗುವಾಗ, "ಮರದ್ ಚಿಂತೆ ಬಿಡಿ ಅಮ್ಮಾ. ಮೇಲಿನ್ ಮಣ್ಣು ನೋಡ್ಕಳಿ" ಎಂದರು. ನಾನು ತಲೆಯಾಡಿಸಿದೆ.

ಮಾರನೆಯ ವಾರ ಮೇಡಂ ಬೋರ್ಡು ತಂದು ಏಣಿಯ ಪಕ್ಕದ ಕಂಬಕ್ಕೆ ಹೊಡೆಸಿದರು. ಊರಹಬ್ಬದ ಜನ ಮೇಲೆ ಹತ್ತಿ ಫೋಟೋ ಹಿಡಿದು ಹಾಳುಮಾಡಬಾರದು ಎಂದು ಅವರ ಯೋಚನೆ. ಜನರೆಲ್ಲ ಸೇರಿದ್ದಾಗ ನನ್ನನ್ನೇ ಕರೆದು, "ಓದಿ ಅಮ್ಮ" ಎಂದರು. ಗಂಟಲು ಸರಿಮಾಡಿಕೊಂಡು ಓದಿದೆ: "ಇದು ಪುರಾತನ ಕಟ್ಟಡ. ಮೇಲೆ ಹತ್ತಬಾರದು." ಎಲ್ಲರೂ ಚಪ್ಪಾಳೆ ಹೊಡೆದರು. ಹುಟ್ಟಿದಾರಭ್ಯ ನನಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಅದು ತಲೆಗೆ ಏರಿತು. ಆವತ್ತಿನಿಂದ ಆ ಬೋರ್ಡು ನನ್ನದು.

ಮುಂಗಾರಿನ ಹೊತ್ತಿಗೆ ಚಿಕ್ಕಣ್ಣ ಮಂಕರಿ ಹೊತ್ತು ಏಣಿಯ ಹತ್ತಿರ ಬಂದ. ನಾನು ದನ ಅಟ್ಟುವ ಕೋಲು ಹಿಡಿದು ಅಡ್ಡ ನಿಂತೆ.

"ಹತ್ತಬಾರದು."

"ಯಾಕತ್ಗೆ, ಮಡೀಲಿದ್ದೀಯಾ?" ಎಂದು ನಕ್ಕ.

"ಬೋರ್ಡ್ ಹಾಕವ್ರೆ ಕಾಣಲ್ವಾ? ಓದು."

ಹಿಂದೆ ಹತ್ತು ಜನ ಮಂಕರಿ ಹೊತ್ತು ನಿಂತಿದ್ದರು. ಚಿಕ್ಕಣ್ಣ ಬೋರ್ಡು ನೋಡಿದ, ನನ್ನನ್ನು ನೋಡಿದ. "ನಂಗೆ ಓದಕ್ ಬರಲ್ಲ ಅಂತ ನಿಂಗೊತ್ತಿಲ್ವಾ?" ಎಂದ.

"ಬರದಿದ್ರೆ ಓದಕ್ ಬರೋರ್ ಹೇಳ್ದಂಗ್ ಕೇಳು."

ಅವನು ಮಂಕರಿಯನ್ನು ಅಲ್ಲೇ ಬೋರಲು ಹಾಕಿ ಹೋದ. ಉಳಿದವರೂ ಹೋದರು. ಹೊರೆ ತಪ್ಪಿತೆಂದು ಕೆಲವರಿಗೆ ಸಮಾಧಾನವೇ ಆಗಿರಬೇಕು. ಆ ಮಣ್ಣಿನ ಗುಡ್ಡೆ ಏಣಿಯ ಬುಡದಲ್ಲೇ ಮಳೆಗೆ ಕರಗಿತು. ಮರುವರ್ಷವೂ ನಾನು ಕೋಲು ಹಿಡಿದು ಕೂತೆ. ಅದರ ಮರುವರ್ಷ ಕೋಲು ಬೇಕಾಗಲೇ ಇಲ್ಲ, ಯಾರೂ ಬರಲಿಲ್ಲ. ಮೇಲೆ ಹುಲ್ಲು ಮೊಳಕಾಲುದ್ದ ಬೆಳೆಯಿತು. ಪೇಟೆಯವರು ಅದನ್ನೂ ಚೆಂದ ಎಂದು ಫೋಟೋ ಹಿಡಿದರು.

ಮೂರನೆಯ ಮಳೆಗಾಲದಲ್ಲಿ ಮೂಡಲ ಮೂಲೆ ಸೋರಿತು. ಜಂತೆ ನೆನೆದು, ಒಂದು ಮಧ್ಯಾಹ್ನ ಎರಡು ಮಾರು ಸೂರು ದಬ್ಬನೆ ಕೆಳಗೆ ಕೂತಿತು. ಕೆಳಗೆ ಯಾರೂ ಇರಲಿಲ್ಲ, ಒಂದು ಕುರಿ ಸತ್ತಿತು. ಪಂಚಾಯ್ತಿ ಅಧ್ಯಕ್ಷರು ಅದೇ ವಾರ ಸಭೆ ಕರೆದರು. ಕೆಡವಿಸಲು ಜೆಸಿಬಿಗೆ ಹೇಳಿಯಾಗಿದೆ ಎಂಬ ಸುದ್ದಿ. ಅದಕ್ಕಿಂತ ಕೆಟ್ಟದ್ದೇನೆಂದರೆ, ಊರಿಗೆ ಊರೇ ಅನ್ವರ್ ಸಾಬರ ಕಡೆ ಬೆರಳು ತೋರಿಸಿತು. "ಲಡ್ಡು ಹಿಡಿದಿರೋ ತೊಲೆ ಹಾಕ್ಬುಟ್ಟವ್ನೆ ಸಾಬಿ" ಎಂದು ಜಗಲಿ ಜಗಲಿಯಲ್ಲಿ ಮಾತು. ಎರಡು ತಿಂಗಳು ಅವರಿಗೆ ಊಟ ಹಾಕಿದ ನಾನೂ ಹೌದೇನೋ ಎಂದುಕೊಂಡೆ. ಬೇರೆಯವರ ತಪ್ಪು ಎಂದರೆ ನಂಬುವುದು ಸುಲಭ.

ಸಭೆ ಸೇರಿದ್ದು ಚಾವಡಿಯ ಮುಂದೆ, ಮೇಡಂ ಕೂಡ ಬಂದಿದ್ದರು. ಅನ್ವರ್ ಸಾಬ್ ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬಂದರು. ನೇರವಾಗಿ ಮೂಡಲ ಮೂಲೆಗೆ ಹೋದರು. ಬಿದ್ದ ತೊಲೆಯನ್ನು ಉಳಿಯಿಂದ ಕುಟ್ಟಿದರು, ಟಣ್ ಎಂದಿತು. ಮರ ಗಟ್ಟಿಯಾಗಿತ್ತು. ಅದು ಕೂತಿದ್ದ ಗೋಡೆ ನೆನೆದು ಕುಸಿದಿತ್ತು. ಮಣ್ಣನ್ನು ಹಿಡಿಯಲ್ಲಿ ಎತ್ತಿ ಹಿಸುಕಿದರು, ಹುಲ್ಲಿನ ಬೇರು ಜೋತಾಡಿತು.

"ಇದನ್ನ ಯಾವಾಗ ತುಳಿದಿದ್ದು?" ಎಂದರು.

ಅಧ್ಯಕ್ಷರು ಮೇಡಂ ಮುಖ ನೋಡಿದರು. ಮೇಡಂಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಚಿಕ್ಕಣ್ಣ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ಅವನ ಮೇಲೆ ಕೂಗಾಡಿ ಮುಗಿಸುತ್ತಿದ್ದೆ.

"ತುಳಿಯಕ್ಕೆ ನಾನ್ ಬಿಡಲಿಲ್ಲ" ಎಂದೆ. "ಮೂರು ವರ್ಷ. ಸಾಬ್ರ ತೊಲೇದೇನೂ ತಪ್ಪಿಲ್ಲ. ಹೋಗೋವಾಗ ಹೇಳೇ ಹೋಗಿದ್ರು, ಮಣ್ಣು ನೋಡ್ಕಳಿ ಅಂತ. ಮೂವತ್ತು ವರ್ಷ ತುಳಿದೋಳಿಗೆ ಅಷ್ಟು ಗೊತ್ತಾಗಲಿಲ್ಲ. ಬೋರ್ಡ್ ಓದೋಕ್ ಬರ್ತದೆ ಅಂತ ಕೊಬ್ಬು."

ಮೇಡಂ ಮುಖ ಕೆಂಪಾಯಿತು. "ಅಮ್ಮ, ತಪ್ಪು ನಂದು. ಬರೆಸಿದ್ದು ನಾನು. ಇದು ನಂಗೆ ಗೊತ್ತೇ ಇರಲಿಲ್ಲ."

"ನಿಮಗ್ ಗೊತ್ತಿರಲಿಲ್ಲ ಮೇಡಂ. ನಂಗೆ ಗೊತ್ತಿತ್ತು."

ಕೊನೆಗೆ ಅಧ್ಯಕ್ಷರು, ಒಂದು ಮಳೆಗಾಲ ನೋಡುತ್ತೇವೆ, ಮತ್ತೆ ಸೋರಿದರೆ ಯಾರ ಮಾತೂ ಕೇಳುವುದಿಲ್ಲ ಎಂದರು. ಅನ್ವರ್ ಸಾಬ್ ಗೋಡೆ ಎತ್ತಿ ಅದೇ ತೊಲೆಯನ್ನು ಅದೇ ಜಾಗಕ್ಕೆ ಕೂರಿಸಿದರು. ನಾನು ಕುಡುಗೋಲಿನ ಹಿಡಿಯಿಂದ ಮೀಟಿ ಬೋರ್ಡು ಕಿತ್ತು, ಚಿಕ್ಕಣ್ಣನ ಮನೆಯ ಮುಂದೆ ಹೋಗಿ ನಿಂತೆ. ಅವನು ಎದ್ದು ಬರಲಿಲ್ಲ.

"ಇವಾಗೇನಂತೆ ಬೋರ್ಡು?" ಎಂದ.

"ಕಿತ್ತಾಕಿದೀನಿ. ಬಾ."

"ನಂಗೆ ಓದಕ್ ಬರಲ್ಲಲ್ಲ."

"ನಂಗೂ ಬರಲ್ಲ ಅನ್ಕೋ. ಬಾರಯ್ಯ, ಮೋಡ ಕಟ್ತಾ ಅದೆ."

ಬಂದ. ಆದರೆ ಮೊದಲ ಮಂಕರಿ ನನ್ನ ತಲೆಯ ಮೇಲೇ ಹೊರಿಸಿದ. ಆಮೇಲೆ ಇಪ್ಪತ್ತು ಮಂಕರಿ ಹೊತ್ತೆ. ಒಂದನ್ನೂ ಅವನು ಇಳಿಸಿಕೊಳ್ಳಲಿಲ್ಲ. ಆ ಮಳೆಗಾಲ ಚಾವಡಿ ಸೋರಲಿಲ್ಲ. ಊರಹಬ್ಬವನ್ನು ಮೇಡಂ ತುಳಿಯುವ ದಿನಕ್ಕೇ ಬದಲಾಯಿಸಿದರು. ಕಾಲೇಜಿನ ಮಕ್ಕಳು ಬೂಟು ಬಿಚ್ಚಿಟ್ಟು ಹತ್ತುತ್ತಾರೆ. ಮೊದಲು ಕಿರುಚುತ್ತಾರೆ, ಆಮೇಲೆ ಚೆನ್ನಾಗಿಯೇ ತುಳಿಯುತ್ತಾರೆ.

ಚಿಕ್ಕಣ್ಣ ಸತ್ತು ಆರು ವರ್ಷವಾಯಿತು. ಊರಿನಲ್ಲಿ ಈಗ ಮಾಳಿಗೆ ಎಂದರೆ ಚಾವಡಿಯದೊಂದೇ, ಮನೆಗಳೆಲ್ಲ ಆರ್‌ಸಿಸಿ ಆಗಿವೆ, ನಮ್ಮದೂ ಸೇರಿ. ಸೊಸೆ ತಗಡು ಎತ್ತಿದ ಮಾರನೆಯ ದಿನವೇ ಈ ವರ್ಷದ ತುಳಿತ. ನನ್ನ ಮಂಡಿ ಏಣಿಗೆ ಒಪ್ಪುವುದಿಲ್ಲ. ಏಣಿಯ ಹತ್ತಿರ ಹೋದರೆ ಸೊಸೆ, "ಅತ್ತೆ, ನೀವ್ ಹತ್ತಬಾರದು" ಎಂದಳು. ಬೋರ್ಡು ಇಲ್ಲದೆಯೂ ಆ ಮಾತು ನನಗೇ ಬಂತು. ಹೋಗಿ ಚಾವಡಿಯ ಒಳಗೆ, ಹಿಂದೆ ಸ್ಲೇಟು ಹಿಡಿದು ಕೂರುತ್ತಿದ್ದ ಜಾಗದಲ್ಲಿ ಕೂತೆ. ಮೇಲೆ ಕಾಲುಗಳು ಧಪಧಪ ಎಂದವು. ಜಂತೆಯ ಸಂದಿಯಿಂದ ಪುಡಿ ಉದುರಿ ತಲೆ, ಸೆರಗು, ಬಾಯಿ ಎಲ್ಲ ಮಣ್ಣಾಯಿತು. ಒರೆಸಿಕೊಳ್ಳಲಿಲ್ಲ. ಪುಡಿ ಎಲ್ಲೆಲ್ಲಿ ಉದುರುತ್ತಿದೆ ಎಂದು ನೋಡುತ್ತಾ ಕೂತೆ. ಮೂಡಲ ಮೂಲೆಯಲ್ಲಿ ಮಾತ್ರ ನೆಲ ಚೊಕ್ಕಟವಾಗಿತ್ತು.

ಕೋಲು ತೆಗೆದುಕೊಂಡು ಸೂರಿಗೆ ಕುಟ್ಟಿದೆ.

"ಲೇ, ಮೂಡಲ ಮೂಲೆ ಬಿಟ್ಟಿದೀರ ಕಣ್ರೋ! ಆ ಕಡೆ ತುಳೀರಿ!"